ಗಿಡಗಳ ಅಕ್ವೇರಿಯಂಗೆ ಎಂಥ ಲೈಟ್ ಬೇಕು, ಎಷ್ಟು ಬೇಕು?

"ಎರಡು ಅಡಿ ಟ್ಯಾಂಕಿಗೆ ಎಷ್ಟು ವ್ಯಾಟ್ ಲೈಟ್ ಹಾಕಲಿ?" ಅಕ್ವೇರಿಯಂನಲ್ಲಿ ಗಿಡ ಬೆಳೆಸಲು ಹೊರಟವರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಇದನ್ನೇ. ಒಂದು ಸಂಖ್ಯೆ ಹೇಳಿ ಮುಗಿಸುವಂತಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಉದ್ದ ಗೊತ್ತಾದ ಮಾತ್ರಕ್ಕೆ ಉತ್ತರ ಸಿಗದು. ಟ್ಯಾಂಕಿನ ಆಳ ಎಷ್ಟು, ಯಾವ ಗಿಡ ನೆಡುತ್ತೀರಿ, ಇಂಗಾಲದ ಡೈಆಕ್ಸೈಡ್ ಕೊಡುವ ಏರ್ಪಾಡು ಇದೆಯೇ, ವಾರವಾರ ನೀರು ಬದಲಿಸಲು ಪುರುಸೊತ್ತು ಇದೆಯೇ ಎಂಬುದೆಲ್ಲ ಮೊದಲು ತೀರ್ಮಾನವಾಗಬೇಕು. ವ್ಯಾಟಿನ ಮಾತು ಆಮೇಲೆ.

ಬೆಳಕು ಗಿಡಕ್ಕೆ ಆಹಾರವಲ್ಲ, ಆಹಾರ ತಯಾರಿಸಿಕೊಳ್ಳುವ ಶಕ್ತಿ. ಬೆಳಕು ಹೆಚ್ಚಿದಷ್ಟೂ ಗಿಡ ಇಂಗಾಲ, ನೈಟ್ರೇಟ್, ಫಾಸ್ಫೇಟ್, ಪೊಟ್ಯಾಸಿಯಂ, ಕಬ್ಬಿಣ ಎಲ್ಲವನ್ನೂ ಹೆಚ್ಚು ಹೆಚ್ಚು ಕೇಳುತ್ತದೆ. ಒಲೆಯ ಉರಿ ಏರಿಸಿದವರು ಪಾತ್ರೆಗೆ ನೀರನ್ನೂ ಸುರಿಯುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಟ್ಯಾಂಕಿನ ಮಟ್ಟಿಗೆ ತಳ ಹಿಡಿಯುವುದು ಅಂದರೆ ಪಾಚಿ. ಬೆಳಕು ಸಾಲದೆ ಸೊರಗಿದ ಟ್ಯಾಂಕುಗಳಿಗಿಂತ ಬೆಳಕು ಅತಿಯಾಗಿ ಪಾಚಿ ಕಟ್ಟಿದವನ್ನೇ ನಾನು ಹೆಚ್ಚು ನೋಡಿದ್ದೇನೆ. ಹಾಗಾಗಿ ಮುಂದೆ ಓದುವಾಗ ನಾನು ಕಡಿಮೆ ಬೆಳಕಿನ ಪಕ್ಷ ವಹಿಸುತ್ತಿದ್ದೇನೆ ಅನ್ನಿಸಿದರೆ, ಅದು ನಿಜವೇ.

ಕೈಗೆ ಬೇಕಾದವು: ಅಳತೆ ಟೇಪು, ನೆಡಬೇಕೆಂದಿರುವ ಗಿಡಗಳ ಪಟ್ಟಿ, ಪ್ಲಗ್‌ಗೆ ಹಾಕುವ ಟೈಮರ್, ಲಕ್ಸ್ ಅಳೆಯುವ ಆ್ಯಪ್ ಇರುವ ಫೋನು. ಲೈಟ್ ಇನ್ನೂ ಕೊಂಡಿಲ್ಲ ಅಂತಾದರೆ ಒಳ್ಳೆಯದೇ ಆಯಿತು.

ಹಂತ 1: ಗಿಡಗಳನ್ನು ಗುಂಪು ಮಾಡಿ

ನೆಡಬೇಕೆಂದಿರುವ ಗಿಡಗಳನ್ನೆಲ್ಲ ಬರೆದು, ಬೆಳಕಿನ ಅಗತ್ಯಕ್ಕೆ ತಕ್ಕಂತೆ ಮೂರು ಗುಂಪು ಮಾಡಿ.

ಕಡಿಮೆ ಬೆಳಕು ಸಾಕೆನ್ನುವವು: ಅನುಬಿಯಸ್, ಜಾವಾ ಫರ್ನ್, ಜಾವಾ ಮಾಸ್, ಕ್ರಿಪ್ಟೊಕೊರಿನ್ ಜಾತಿಯ ಬಹುಪಾಲು ಗಿಡಗಳು, ಬುಸೆಫಲಾಂಡ್ರ. ಇವು ನಿಧಾನವಾಗಿ ಬೆಳೆಯುತ್ತವೆ. ಅನುಬಿಯಸ್‌ನ ಒಂದು ಎಲೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಬೆಳಕು ಜಾಸ್ತಿಯಾದಾಗ ಮೊದಲು ಪಾಚಿ ಕೂರುವುದೂ ಆ ಎಲೆಯ ಮೇಲೆಯೇ.

ನಡುವಿನವು: ಅಮೆಜಾನ್ ಸ್ವೋರ್ಡ್, ವ್ಯಾಲಿಸ್ನೇರಿಯ, ಹೈಗ್ರೊಫಿಲ, ಬಕೋಪ, ಲುಡ್ವಿಜಿಯ ರೆಪೆನ್ಸ್, ರೊಟಾಲ ರೊಟಂಡಿಫೋಲಿಯ. ಇವುಗಳಲ್ಲಿ ಹಲವು ಕಡಿಮೆ ಬೆಳಕಿನಲ್ಲೂ ಬದುಕುತ್ತವೆ, ಆದರೆ ತೆಳ್ಳಗೆ ಉದ್ದವಾಗಿ ಎಳೆಯುತ್ತವೆ, ಕೆಂಪು ಬಣ್ಣ ತೋರಿಸುವುದಿಲ್ಲ.

ಹೆಚ್ಚು ಬೆಳಕು ಬೇಡುವವು: ನೆಲಕ್ಕೆ ಹಾಸಿದಂತೆ ಹರಡುವ 'ಕ್ಯೂಬಾ' ಎಂದು ಕರೆಯುವ ಹೆಮಿಯಾಂಥಸ್, ಗ್ಲೊಸೊಸ್ಟಿಗ್ಮ, ಕಡುಗೆಂಪು ರೊಟಾಲ ಮ್ಯಾಕ್ರಾಂಡ್ರ ಇತ್ಯಾದಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಪಟ್ಟಿಯಲ್ಲಿ ಹತ್ತು ಸಾಧಾರಣ ಗಿಡಗಳಿದ್ದು ಒಂದೇ ಒಂದು ಹೆಚ್ಚು ಬೆಳಕಿನದ್ದು ಇರುತ್ತದೆ. ಆ ಒಂದಕ್ಕಾಗಿ ದೊಡ್ಡ ಲೈಟ್ ಕೊಂಡು ಉಳಿದ ಹತ್ತಕ್ಕೂ ಪಾಚಿ ಹಿಡಿಸುತ್ತಾರೆ. ಆ ಒಂದು ಗಿಡವನ್ನು ಪಟ್ಟಿಯಿಂದ ಹೊಡೆದು ಹಾಕಿ. ಬಿಡಲು ಮನಸ್ಸಿಲ್ಲದಿದ್ದರೆ ಲೈಟಿನ ನೇರ ಕೆಳಗೆ ಬಯಲಿನಲ್ಲಿ ಅದನ್ನು ನೆಟ್ಟು, ಅನುಬಿಯಸ್‌ನಂಥವನ್ನು ಕಟ್ಟಿಗೆಯ ನೆರಳಿಗೆ ಸರಿಸಿ. ಒಂದೇ ಟ್ಯಾಂಕಿನಲ್ಲಿ ಬಿಸಿಲು ನೆರಳು ಎರಡೂ ಇರುವಂತೆ ನೋಡಿಕೊಳ್ಳಬಹುದು.

ಹಂತ 2: ಸಿಓಟು ಕೊಡುತ್ತೀರೋ ಇಲ್ಲವೋ ತೀರ್ಮಾನಿಸಿ

ಸಿಓಟು ಅಂದರೆ ಇಂಗಾಲದ ಡೈಆಕ್ಸೈಡ್. ಸಿಲಿಂಡರಿನಿಂದ ನೀರಿಗೆ ಹಾಯಿಸುವ ಅನಿಲ. ಸಾಮಾನ್ಯ ಟ್ಯಾಂಕಿನ ನೀರಿನಲ್ಲಿ ಅದು ಲೀಟರಿಗೆ ಕೆಲವೇ ಮಿಲಿಗ್ರಾಂ ಇರುತ್ತದೆ. ಸಿಲಿಂಡರ್ ಬಳಸುವವರು ಇಟ್ಟುಕೊಳ್ಳುವ ಗುರಿ ಲೀಟರಿಗೆ ಸುಮಾರು 30 ಮಿಲಿಗ್ರಾಂ. ವ್ಯತ್ಯಾಸ ಎಷ್ಟೆಂದು ಇದರಲ್ಲೇ ಗೊತ್ತಾಗುತ್ತದೆ. ಸಾಲದ್ದಕ್ಕೆ ಈ ಅನಿಲ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಎಲೆಯ ಸುತ್ತಲಿನದ್ದು ಮುಗಿದರೆ ಹೊಸದು ಬಂದು ತಲುಪುವುದು ನಿಧಾನ. ಅಷ್ಟರಲ್ಲಿ ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ.

ಸಿಓಟು ಕೊಡುವುದಿಲ್ಲ ಅಂತಾದರೆ ನಿಮ್ಮದು ಕಡಿಮೆ ಬೆಳಕಿನ ಟ್ಯಾಂಕ್. ಹೆಚ್ಚೆಂದರೆ ನಡುವಿನ ಮಟ್ಟದ ಕೆಳತುದಿ. ಇದರಲ್ಲಿ ಚೌಕಾಸಿ ಬೇಡ. "ಸಿಓಟು ಇಲ್ಲ, ಆದರೆ ಲೈಟ್ ಪವರ್‌ಫುಲ್ ಹಾಕಿದ್ದೀನಿ" ಅನ್ನುವವರ ಟ್ಯಾಂಕಿನ ಗಾಜು ಒಂದೆರಡು ತಿಂಗಳಲ್ಲಿ ಹಸಿರಾಗಿರುತ್ತದೆ.

ಕೊಡುತ್ತೀರಾದರೆ ನಡುವಿನ ಮಟ್ಟದಿಂದ ಮೇಲಕ್ಕೆ ಹೋಗಬಹುದು. ಆಗ ಡ್ರಾಪ್ ಚೆಕ್ಕರ್ ಎಂಬ ಪುಟ್ಟ ಗಾಜಿನ ಬುಡ್ಡಿಯನ್ನು ಟ್ಯಾಂಕಿನೊಳಗೆ ನೇತು ಹಾಕಬೇಕು. ಅದರೊಳಗಿನ ದ್ರವ ನೀಲಿಯಿದ್ದರೆ ಅನಿಲ ಕಡಿಮೆ, ತಿಳಿ ಹಸಿರಿದ್ದರೆ ಸರಿ, ಹಳದಿಗೆ ತಿರುಗಿದರೆ ಮೀನಿಗೆ ಅಪಾಯ. ಅದು ಬಣ್ಣ ಬದಲಿಸಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಬಣ್ಣ ನೋಡುತ್ತ ಕೂರಬೇಡಿ, ಅನಿಲ ನಿಲ್ಲಿಸಿ ನೀರಿನ ಮೇಲ್ಮೈ ಕದಡಿ.

ಹಂತ 3: ಟ್ಯಾಂಕ್ ಅಳೆದು ಲೆಕ್ಕ ಹಾಕಿ

ಹೊರಗಿನ ಅಳತೆಯಿಂದ ಲೀಟರ್ ಲೆಕ್ಕ ಹಾಕಿದರೆ ತಪ್ಪುತ್ತದೆ. ಒಂದು ಉದಾಹರಣೆ ನೋಡಿ. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ಟ್ಯಾಂಕ್ ಕಾಗದದ ಮೇಲೆ ಸುಮಾರು 65 ಲೀಟರ್. ತಳದ ಮಣ್ಣು 5 ಸೆಂ.ಮೀ., ಮೇಲೆ ಬಿಟ್ಟ ಖಾಲಿ ಜಾಗ 3 ಸೆಂ.ಮೀ. ಕಳೆಯಿರಿ. ನೀರಿನ ನಿಜವಾದ ಎತ್ತರ 28 ಸೆಂ.ಮೀ., ನೀರು ಸುಮಾರು 50 ಲೀಟರ್.

ಈಗ ಒಂದು ಒರಟು ಸೂತ್ರ. ಲ್ಯುಮೆನ್ ಅಂದರೆ ಲೈಟು ಹೊರಚೆಲ್ಲುವ ಬೆಳಕಿನ ಒಟ್ಟು ಪ್ರಮಾಣ. ಲೀಟರಿಗೆ 10ರಿಂದ 20 ಲ್ಯುಮೆನ್ ಇದ್ದರೆ ಕಡಿಮೆ ಬೆಳಕು, 20ರಿಂದ 40 ಇದ್ದರೆ ನಡುವಿನದು, 40 ದಾಟಿದರೆ ಹೆಚ್ಚು. ಮೇಲಿನ 50 ಲೀಟರ್ ಟ್ಯಾಂಕಿಗೆ ಅನುಬಿಯಸ್, ಕ್ರಿಪ್ಟೊಕೊರಿನ್ ಸಾಕೆಂದರೆ 500ರಿಂದ 1000 ಲ್ಯುಮೆನ್ ಆಯಿತು. ಹೈಗ್ರೊಫಿಲ, ರೊಟಾಲದಂಥ ಕಾಂಡದ ಗಿಡಗಳನ್ನು ಸಿಓಟು ಕೊಟ್ಟು ಬೆಳೆಸುವುದಾದರೆ 1000ರಿಂದ 2000. ವ್ಯಾಟಿಗೆ 100 ಲ್ಯುಮೆನ್ ಕೊಡುವ ಎಲ್‌ಇಡಿ ಆದರೆ ಮೊದಲಿನದಕ್ಕೆ 5ರಿಂದ 10 ವ್ಯಾಟ್, ಎರಡನೆಯದಕ್ಕೆ 10ರಿಂದ 20 ವ್ಯಾಟ್. ಇಷ್ಟು ಕಡಿಮೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಹೌದು, ಇಷ್ಟೇ.

ಸೂತ್ರ ಕೈಕೊಡುವುದು ಆಳದ ಟ್ಯಾಂಕಿನಲ್ಲಿ. ಲೈಟಿನಿಂದ ದೂರ ಹೋದಂತೆ ಬೆಳಕು ಹರಡಿ ತೆಳುವಾಗುತ್ತದೆ. ಒಂದೇ ಲೈಟಿನ ಕೆಳಗೆ 30 ಸೆಂ.ಮೀ. ಆಳದ ತಳಕ್ಕೆ ಸಿಗುವುದಕ್ಕೂ 60 ಸೆಂ.ಮೀ. ಆಳದ ತಳಕ್ಕೆ ಸಿಗುವುದಕ್ಕೂ ಅಜಗಜಾಂತರ. ನೀರಿನ ಎತ್ತರ 45 ಸೆಂ.ಮೀ. ಮೀರಿದ್ದರೆ ಸೂತ್ರದ ಮೇಲುತುದಿಯ ಅಂಕಿ ಹಿಡಿಯಿರಿ, ಅಥವಾ ತಳದಲ್ಲಿ ಹಾಸುಗಿಡ ಬೆಳೆಸುವ ಆಸೆ ಬಿಡಿ. ನನ್ನ ಮತ ಎರಡನೆಯದು. ಆಳದ ಟ್ಯಾಂಕಿನ ತಳಕ್ಕೆ ಸಾಕಷ್ಟು ಬೆಳಕು ಮುಟ್ಟಿಸಲು ಹೋದರೆ ಮೇಲೆ ಬೆಳೆದು ನಿಂತ ಕಾಂಡಗಳ ತುದಿ ಬೇಯುತ್ತದೆ.

ಹಂತ 4: ಡಬ್ಬಿಯ ಮೇಲಿನ ಅಂಕಿಗಳನ್ನು ಓದಲು ಕಲಿಯಿರಿ

ತಯಾರಕರು ತಮಗೆ ಅನುಕೂಲವಾದ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿ ನಿಮಗೆ ಬೇಕಾದ್ದನ್ನು ಬಿಡುತ್ತಾರೆ. ಒಂದೊಂದಾಗಿ ನೋಡೋಣ.

*ವ್ಯಾಟ್:* ಲೈಟು ತಿನ್ನುವ ವಿದ್ಯುತ್ತು, ಕೊಡುವ ಬೆಳಕಲ್ಲ. "ಗ್ಯಾಲನ್ನಿಗೆ ಇಷ್ಟು ವ್ಯಾಟ್" ಎಂಬ ಹಳೆಯ ನಿಯಮ ಇನ್ನೂ ಓಡಾಡುತ್ತಿದೆ. ಅದು ದಪ್ಪ ಟ್ಯೂಬ್‌ಲೈಟುಗಳ ಕಾಲದ್ದು. ಆಗ ಎಲ್ಲ ಟ್ಯೂಬುಗಳೂ ಹೆಚ್ಚುಕಡಿಮೆ ಒಂದೇ ಥರ ಇದ್ದುದರಿಂದ ಲೆಕ್ಕ ಸರಿಹೋಗುತ್ತಿತ್ತು. ಎಲ್‌ಇಡಿಗೆ ಅದನ್ನು ಹಚ್ಚಿದರೆ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಬೆಳಕು ಬೀಳುತ್ತದೆ.

*ಲ್ಯುಮೆನ್:* ಮನುಷ್ಯನ ಕಣ್ಣಿಗೆ ತಕ್ಕಂತೆ ತೂಗಿದ ಅಳತೆ. ನಮ್ಮ ಕಣ್ಣು 555 ನ್ಯಾನೋಮೀಟರ್ ಸುತ್ತಲಿನ ಹಸಿರು ಬೆಳಕಿಗೆ ಹೆಚ್ಚು ಚುರುಕು, ಕಡುಗೆಂಪು ಕಡುನೀಲಿಗೆ ಮಂದ. ಗಿಡದ ಲೆಕ್ಕಾಚಾರ ಬೇರೆ. ಆದರೂ ಬಿಳಿ ಎಲ್‌ಇಡಿಗಳನ್ನು ಒಂದಕ್ಕೊಂದು ಹೋಲಿಸಲು ಲ್ಯುಮೆನ್ ಸಾಕು. ಕೆಂಪು, ಹಸಿರು, ನೀಲಿ ಬಿಡಿಬಿಡಿ ಚಿಪ್ಪುಗಳಿರುವ ಲೈಟಿಗೆ ಲ್ಯುಮೆನ್ ನಂಬಬೇಡಿ. ಅಂಕಿ ಕಡಿಮೆ ಕಂಡರೂ ಗಿಡಕ್ಕೆ ಸಿಗುವುದು ಹೆಚ್ಚಿರುತ್ತದೆ.

*ಪಾರ್:* ಗಿಡ ಬಳಸಬಲ್ಲ 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕು. ಒಂದು ಚದರ ಮೀಟರ್ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಬೆಳಕಿನ ಕಣಗಳು ಬೀಳುತ್ತವೆ ಎಂದು ಇದನ್ನು ಎಣಿಸುತ್ತಾರೆ. ನಿಜವಾಗಿ ಬೇಕಾದ ಅಂಕಿ ಇದೇ. ಟ್ಯಾಂಕಿನ ತಳದಲ್ಲಿ 15ರಿಂದ 30 ಇದ್ದರೆ ಕಡಿಮೆ, 30ರಿಂದ 50 ನಡುವಿನದು, 50 ದಾಟಿದರೆ ಹೆಚ್ಚು ಬೆಳಕು. ಈ ಗೆರೆಗಳು ಕಲ್ಲಿನ ಮೇಲೆ ಕೊರೆದದ್ದಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ. ನಡುಹಗಲಿನ ನೆತ್ತಿ ಬಿಸಿಲಿನಲ್ಲಿ ಪಾರ್ 2000ದ ಹತ್ತಿರ ಇರುತ್ತದೆ, ಅನುಬಿಯಸ್‌ಗೆ 20 ಸಾಕು. ಕಾಡಿನ ನೆರಳಿನಲ್ಲಿ, ತೊರೆಯಂಚಿನಲ್ಲಿ ಬೆಳೆದ ಗಿಡದ ಬಯಕೆ ಅಷ್ಟೇ.

ಡಬ್ಬಿಯ ಮೇಲೆ "ಪಾರ್ 120" ಎಂದಿದ್ದರೆ ಎಷ್ಟು ದೂರದಲ್ಲಿ, ಗಾಳಿಯಲ್ಲೋ ನೀರಿನಲ್ಲೋ, ನಡುಮಧ್ಯದಲ್ಲೋ ಅಂಚಿನಲ್ಲೋ ಎಂದು ಕೇಳಿ. ದೂರ ಹೇಳದ ಪಾರ್ ಅಂಕಿಗೆ ಅರ್ಥವಿಲ್ಲ.

*ಕೆಲ್ವಿನ್:* ಬೆಳಕಿನ ಬಣ್ಣದ ಛಾಯೆ. 3000 ಹಳದಿ, 6500 ಹಗಲಿನ ಬಿಳಿ, 10,000 ದಾಟಿದರೆ ನೀಲಿ. ಗಿಡಗಳ ಟ್ಯಾಂಕಿಗೆ 5000ದಿಂದ 7000 ಕಣ್ಣಿಗೆ ಹಿತ, 6500 ಎಲ್ಲರೂ ಹೇಳುವ ಅಂಕಿ. ಗಿಡ ಮಾತ್ರ ಇದಕ್ಕೆ ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪತ್ರಹರಿತ್ತು ನೀಲಿ ಮತ್ತು ಕೆಂಪನ್ನು ಹೆಚ್ಚು ಹೀರುವುದು ನಿಜ, ಆದರೆ ಹಸಿರು ಬೆಳಕೂ ದ್ಯುತಿಸಂಶ್ಲೇಷಣೆಗೆ ಬಳಕೆಯಾಗುತ್ತದೆ. ಬರೀ ನೇರಳೆ ಬಣ್ಣದ ಲೈಟಿನಲ್ಲೂ ಗಿಡ ಬೆಳೆಯುತ್ತದೆ, ನೋಡಲು ಮಾತ್ರ ಆಗದು. ಕಡಲಿನ ಹವಳಗಳಿಗಾಗಿ ಮಾಡಿದ ಕಡುನೀಲಿ ಲೈಟುಗಳು ನಿಮಗೆ ಬೇಡ.

*ಸಿಆರ್‌ಐ:* ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಂಕ, ಗರಿಷ್ಠ 100. ಬೆಳವಣಿಗೆಗೂ ಇದಕ್ಕೂ ಸಂಬಂಧ ಕಡಿಮೆ. ಆದರೆ 90ರ ಮೇಲಿನ ಲೈಟಿನ ಕೆಳಗೆ ಮೀನಿನ ಕೆಂಪು, ಎಲೆಯ ಹಸಿರು ಸೊಗಸಾಗಿ ಕಾಣುತ್ತವೆ. ದಿನಾ ನೋಡುವವರು ನೀವೇ ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಕೆಂಪು ಗಿಡಗಳ ಬಗ್ಗೆ ಒಂದು ಮಾತು ಸೇರಿಸಿ ಮುಂದೆ ಹೋಗುತ್ತೇನೆ. ಕೆಂಪು ಚಿಪ್ಪುಗಳಿರುವ ಲೈಟಿನ ಕೆಳಗೆ ರೊಟಾಲ ಕೆಂಪಗೆ ಕಾಣುವುದು ಬೇರೆ, ನಿಜವಾಗಿ ಕೆಂಪಾಗುವುದು ಬೇರೆ. ಫಳಫಳ ಹೊಳೆಯುವ ಜಾಹೀರಾತು ಚಿತ್ರಗಳಲ್ಲಿ ಮೊದಲಿನದೇ ಜಾಸ್ತಿ. ಎಲೆಯೊಳಗೆ ಆಂಥೊಸಯನಿನ್ ಎಂಬ ಕೆಂಪು ವರ್ಣದ್ರವ್ಯ ಕೂಡುವುದಕ್ಕೆ ಬೆಳಕಿನ ತೀವ್ರತೆ ಬೇಕು. ನೈಟ್ರೇಟ್ ಮಿತಿಯಲ್ಲಿದ್ದರೆ ಹಲವು ರೊಟಾಲಗಳು ಇನ್ನಷ್ಟು ಕೆಂಪೇರುತ್ತವೆ. ಬಣ್ಣ ಯಾವ ಕಡೆಯದ್ದು ಎಂದು ತಿಳಿಯಲು ಕತ್ತರಿಸಿದ ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ.

ಹಂತ 5: ಲೈಟಿನ ಬಗೆ ಮತ್ತು ಆಕಾರ

ಇವತ್ತು ಹೊಸದಾಗಿ ಕೊಳ್ಳುವವರಿಗೆ ಎಲ್‌ಇಡಿ ಬಿಟ್ಟು ಬೇರೆ ಆಯ್ಕೆ ಹೇಳುವುದಿಲ್ಲ. ಟಿ5 ಎಂಬ ತೆಳು ಟ್ಯೂಬ್‌ಲೈಟುಗಳು ಗಿಡಗಳಿಗೆ ಚೆನ್ನಾಗಿಯೇ ಇದ್ದವು, ಬೆಳಕನ್ನು ಸಮವಾಗಿ ಹರಡುತ್ತಿದ್ದವು. ಆದರೆ ಅವುಗಳಲ್ಲಿ ಪಾದರಸವಿದೆ, ವರ್ಷಕ್ಕೊಮ್ಮೆ ಬದಲಿಸಬೇಕು, ಬೆಳಕು ಮಂದ ಮಾಡುವುದು ಕಷ್ಟ. 2013ರ ಮಿನಮಾಟ ಒಪ್ಪಂದದ ನಂತರ ಪಾದರಸದ ದೀಪಗಳನ್ನು ದೇಶದೇಶಗಳು ಕೈಬಿಡುತ್ತಿವೆ. ಈಗಿರುವ ಟ್ಯೂಬ್ ಚೆನ್ನಾಗಿದ್ದರೆ ಬಳಸಿ, ಮುಗಿದ ಮೇಲೆ ಎಲ್‌ಇಡಿಗೆ ಬನ್ನಿ.

ಕೊಳ್ಳುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಡಿಮ್ಮರ್, ಅಂದರೆ ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ. ಲೆಕ್ಕ ಎಷ್ಟೇ ಸರಿಯಿದ್ದರೂ ಟ್ಯಾಂಕಿಗೆ ತಕ್ಕಂತೆ ತಿದ್ದಬೇಕಾಗಿ ಬರುತ್ತದೆ. ಬಣ್ಣ ಬದಲಿಸುವ ರಿಮೋಟು, ಮಿಂಚಿನ ಎಫೆಕ್ಟು, ಮೋಡ ಹಾಯುವ ಎಫೆಕ್ಟು ಇವೆಲ್ಲ ಆಟಿಕೆಗಳು. ಡಿಮ್ಮರ್ ಇಲ್ಲದೆ ಇವಿಷ್ಟೂ ಇರುವ ಲೈಟಿಗಿಂತ ಡಿಮ್ಮರ್ ಮಾತ್ರ ಇರುವುದು ಮೇಲು.

ಉದ್ದ ಟ್ಯಾಂಕಿನ ಉದ್ದಕ್ಕೆ ಹತ್ತಿರವಿರಲಿ. ಮೂರಡಿ ಟ್ಯಾಂಕಿನ ನಡುವೆ ಎರಡಡಿ ಲೈಟ್ ಇಟ್ಟರೆ ಎರಡೂ ತುದಿ ಕತ್ತಲು. ಅಲ್ಲಿ ಜಾವಾ ಫರ್ನ್ ಇಡುವುದಾದರೆ ಚಿಂತೆಯಿಲ್ಲ. ಅಗಲ 45 ಸೆಂ.ಮೀ. ದಾಟಿದ ಟ್ಯಾಂಕಿಗೆ ಒಂದು ದೊಡ್ಡ ಪಟ್ಟಿಗಿಂತ ಹಿಂದೊಂದು ಮುಂದೊಂದು ಎರಡು ಸಣ್ಣ ಪಟ್ಟಿಗಳು ಒಳ್ಳೆಯದು, ಮುಂಗಡೆಯ ಹಾಸುಗಿಡಕ್ಕೆ ಹಿಂಗಡೆಯ ಕಾಂಡಗಳ ನೆರಳು ಬೀಳುವುದಿಲ್ಲ. ಎಲ್‌ಇಡಿ ಚಿಪ್ಪಿನ ಮೇಲೆ ಲೆನ್ಸ್ ಇಲ್ಲದಿದ್ದರೆ ಬೆಳಕು ಸುಮಾರು 120 ಡಿಗ್ರಿ ಕೋನದಲ್ಲಿ ಹರಡುತ್ತದೆ. ಕಡಿಮೆ ಎತ್ತರದ ಟ್ಯಾಂಕಿಗೆ ಇದು ಸರಿ. ಕಿರಿದಾದ ಲೆನ್ಸ್ ಇರುವವು ಆಳಕ್ಕೆ ಮುಟ್ಟುತ್ತವೆ, ಆದರೆ ನಡುವೆ ಪ್ರಖರ, ಅಂಚಿಗೆ ಮಂಕು.

ಲೈಟಿನ ಮೈ ಅಲ್ಯುಮಿನಿಯಂನದ್ದಾಗಿರಲಿ. ಎಲ್‌ಇಡಿಯನ್ನು ಕೊಲ್ಲುವುದು ಬಿಸಿ. ಪ್ಲಾಸ್ಟಿಕ್ ಮೈಯೊಳಗೆ ಒತ್ತೊತ್ತಾಗಿ ಚಿಪ್ಪು ಕೂರಿಸಿದ ಅಗ್ಗದ ಲೈಟು ವರ್ಷ ತುಂಬುವುದರೊಳಗೆ ಮಂಕಾಗಬಹುದು, ಕಣ್ಣಿಗೆ ಅದು ಗೊತ್ತಾಗುವುದೂ ಇಲ್ಲ.

ಹಂತ 6: ನೀರು ಮತ್ತು ಕರೆಂಟು

ಚಿಕ್ಕ ಹಂತ, ಆದರೆ ಬಿಟ್ಟು ಮುಂದೆ ಹೋಗಬೇಡಿ. ಲೈಟಿನ ಮೇಲೆ ಐಪಿ ಅಂಕಿ ಇರುತ್ತದೆ, ಅದರ ಎರಡನೆಯ ಅಂಕೆ ನೀರಿನ ತಡೆಯನ್ನು ಹೇಳುತ್ತದೆ. ಐಪಿ 20 ಅಂದರೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ, ಐಪಿ 44 ಸಿಡಿಯುವ ಹನಿ ತಡೆಯುತ್ತದೆ, ಐಪಿ 67 ಕೆಲಹೊತ್ತು ನೀರಿಗೆ ಬಿದ್ದರೂ ತಾಳಿಕೊಳ್ಳುತ್ತದೆ. ಮುಚ್ಚಳವಿಲ್ಲದ ಟ್ಯಾಂಕಿಗೆ 67ಕ್ಕಿಂತ ಕೆಳಗಿನದ್ದು ಬೇಡ. ಅಲಂಕಾರದ ಎಲ್‌ಇಡಿ ಪಟ್ಟಿಗಳನ್ನು ಮುಚ್ಚಳದ ಒಳಗೆ ಅಂಟಿಸುವ ಐಡಿಯಾ ಬಿಡಿ. ಆವಿ ಕೂತು ತುಕ್ಕು ಹಿಡಿಯುತ್ತದೆ.

ತಂತಿಯನ್ನು ಸಾಕೆಟ್‌ಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆ ತಂದು ಸಿಕ್ಕಿಸಿ. ತಂತಿಯುದ್ದಕ್ಕೂ ಇಳಿದ ಹನಿ ಆ ಬಾಗಿನಲ್ಲೇ ಕೆಳಗೆ ಬೀಳುತ್ತದೆ, ಸಾಕೆಟ್ ಸೇರುವುದಿಲ್ಲ. ಟ್ಯಾಂಕಿನ ಸಾಕೆಟ್‌ಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಕಡಿದು ಹಾಕುವ ಸ್ವಿಚ್ಚು, ಇರಲೇಬೇಕು. ನೀರಿಗೆ ಕೈ ಹಾಕುವ ಮುಂಚೆ ಎಲ್ಲ ಪ್ಲಗ್ಗನ್ನೂ ಕೀಳಿ.

ಹಂತ 7: ಕೂರಿಸಿ, ಅಳೆಯಿರಿ

ಪಾರ್ ಮೀಟರ್ ದುಬಾರಿ, ಒಮ್ಮೆ ಅಳೆಯಲು ಅದನ್ನು ಕೊಳ್ಳಬೇಕಿಲ್ಲ. ಫೋನಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು. ಲಕ್ಸ್ ಅಂದರೆ ಒಂದು ಚದರ ಮೀಟರಿಗೆ ಬೀಳುವ ಲ್ಯುಮೆನ್.

ನೀರು ತುಂಬುವ ಮೊದಲೇ ಅಳೆಯಿರಿ, ಫೋನು ಉಳಿಯುತ್ತದೆ. ಮಣ್ಣು ಹಾಸಿದ ಖಾಲಿ ಟ್ಯಾಂಕಿನ ಮೇಲೆ ಲೈಟ್ ಇಟ್ಟು, ಕೋಣೆಯ ಬೇರೆ ದೀಪ ಆರಿಸಿ, ಪರದೆ ಮೇಲೆ ಬರುವಂತೆ ಫೋನನ್ನು ಮಣ್ಣಿನ ಮೇಲೆ ಮಲಗಿಸಿ. ಬೆಳಕಿನ ಸೆನ್ಸರ್ ಬಹುತೇಕ ಫೋನುಗಳಲ್ಲಿ ಮುಂಗಡೆಯ ಕ್ಯಾಮೆರಾದ ಪಕ್ಕ ಇರುತ್ತದೆ. ನಿಮ್ಮ ತಲೆಯ, ಕೈಯ ನೆರಳು ಅದರ ಮೇಲೆ ಬೀಳದಿರಲಿ. ನಡುವೆ ಒಂದು ಸಲ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಅಂಕಿ ಬರೆದುಕೊಳ್ಳಿ. ಬಿಳಿ ಎಲ್‌ಇಡಿ ಆದರೆ ಲಕ್ಸನ್ನು 70ರಿಂದ ಭಾಗಿಸಿ, ಪಾರ್‌ನ ಅಂದಾಜು ಸಿಗುತ್ತದೆ. ನಡುವೆ 2800 ಲಕ್ಸ್ ಬಂದರೆ ಪಾರ್ ಸುಮಾರು 40. ಮೂಲೆಯಲ್ಲಿ 1200 ಬಂದರೆ 17. ನಡುವೆ ಹೈಗ್ರೊಫಿಲ, ಮೂಲೆಗೆ ಕ್ರಿಪ್ಟೊಕೊರಿನ್ ಎಂದು ಅಲ್ಲೇ ತೀರ್ಮಾನ ಮಾಡಬಹುದು.

ನೀರು ತುಂಬಿದ ಮೇಲೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಫೋನಿನಿಂದ ಫೋನಿಗೂ ವ್ಯತ್ಯಾಸವಿದೆ. ಬಣ್ಣದ ಚಿಪ್ಪುಗಳ ಲೈಟಿಗೆ ಈ ಭಾಗಾಕಾರ ಹೊಂದುವುದಿಲ್ಲ. ಆದರೂ ಯಾವ ಮೂಲೆ ಕತ್ತಲು, ಲೈಟನ್ನು 10 ಸೆಂ.ಮೀ. ಮೇಲೆತ್ತಿದರೆ ಎಷ್ಟು ಇಳಿಯುತ್ತದೆ ಎಂಬುದು ಖಚಿತವಾಗಿ ತಿಳಿಯುತ್ತದೆ.

ಕಿಟಕಿಯ ನೇರ ಬಿಸಿಲು ಟ್ಯಾಂಕಿನ ಮೇಲೆ ಬೀಳುತ್ತಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಟ್ಯಾಂಕನ್ನು ಸರಿಸಿ ಅಥವಾ ಪರದೆ ಹಾಕಿ.

ಹಂತ 8: ಟೈಮರ್ ಹಾಕಿ, ಆರು ಗಂಟೆಯಿಂದ ಶುರು ಮಾಡಿ

ಕೈಯಿಂದ ಸ್ವಿಚ್ ಹಾಕುತ್ತೇನೆ ಅನ್ನುವವರು ಎರಡು ದಿನ ಹಾಕಿ ಮೂರನೆಯ ದಿನ ಮರೆಯುತ್ತಾರೆ. ಟೈಮರ್ ಇಲ್ಲದ ಲೈಟು ಅರ್ಧ ಲೈಟು.

ಹೊಸ ಟ್ಯಾಂಕಿಗೆ ದಿನಕ್ಕೆ 6 ಗಂಟೆ. ಮೊದಲ ಒಂದೂವರೆ ತಿಂಗಳು ಇದನ್ನು ಏರಿಸಬೇಡಿ. ಗಿಡಗಳು ಆಗಷ್ಟೇ ಬೇರು ಬಿಡುತ್ತಿರುತ್ತವೆ, ನೀರಿನಲ್ಲಿ ಅಮೋನಿಯ ಏರಿಳಿಯುತ್ತಿರುತ್ತದೆ, ಪಾಚಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ 8 ಗಂಟೆಗೆ ನಿಲ್ಲಿಸಿ. 10 ದಾಟುವ ಕಾರಣವೇ ಇಲ್ಲ. ಸಿಓಟು ಇದ್ದರೆ ಲೈಟ್ ಹೊತ್ತುವ ಒಂದೆರಡು ಗಂಟೆ ಮೊದಲೇ ಅದು ಶುರುವಾಗಬೇಕು, ಲೈಟ್ ಆರುವ ಸುಮಾರು ಒಂದು ಗಂಟೆ ಮೊದಲು ನಿಲ್ಲಬಹುದು.

ಬೆಳಕು ಮಂದವಾಗಿದೆ, ಅದಕ್ಕೆ 14 ಗಂಟೆ ಉರಿಸುತ್ತೇನೆ ಎಂಬ ಲೆಕ್ಕ ನಡೆಯುವುದಿಲ್ಲ. ಪ್ರತಿ ಗಿಡಕ್ಕೂ ಒಂದು ಕನಿಷ್ಠ ಮಟ್ಟವಿದೆ. ಅದಕ್ಕಿಂತ ಕಡಿಮೆ ಬೆಳಕಿನಲ್ಲಿ ಗಿಡ ತಯಾರಿಸುವ ಆಹಾರ ತಾನೇ ಉಸಿರಾಟಕ್ಕೆ ಖರ್ಚು ಮಾಡುವಷ್ಟೂ ಇರುವುದಿಲ್ಲ. ಗಂಟೆ ಎಷ್ಟೇ ಸೇರಿಸಿದರೂ ಉಳಿತಾಯ ಸೊನ್ನೆ. ತಿರುವಿ ಹೇಳಿದರೂ ಅಷ್ಟೇ: ಅತಿ ತೀಕ್ಷ್ಣ ಬೆಳಕಿನ ತೊಂದರೆಯನ್ನು ಗಂಟೆ ಕಡಿತ ಪೂರ್ತಿ ಸರಿಪಡಿಸದು, ಉರಿಯುವ ಆ ನಾಲ್ಕು ಗಂಟೆಯಲ್ಲೂ ಗಿಡಕ್ಕೆ ಇಂಗಾಲ ಸಾಲದು. ಮೊದಲು ತೀವ್ರತೆ ತಗ್ಗಿಸಿ, ಗಂಟೆ ಆಮೇಲೆ.

ಹಗಲ ನಡುವೆ ಎರಡು ಮೂರು ಗಂಟೆ ಲೈಟ್ ಆರಿಸಿ ಮತ್ತೆ ಹಚ್ಚುವ ಪದ್ಧತಿಯೂ ಇದೆ. ಸಿಓಟು ಇಲ್ಲದ ಟ್ಯಾಂಕಿನಲ್ಲಿ ಆ ಹೊತ್ತಿಗೆ ಅನಿಲ ಮತ್ತೆ ಸ್ವಲ್ಪ ಕೂಡಿಕೊಳ್ಳುತ್ತದೆ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಟ್ಯಾಂಕ್ ನೋಡಬೇಕೆನ್ನುವವರಿಗೆ ಇದು ಒಗ್ಗುತ್ತದೆ. ಪಾಚಿಗೆ ರಾಮಬಾಣ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೀನಿಗೆ ರೆಪ್ಪೆಯಿಲ್ಲ, ಕಣ್ಣು ಮುಚ್ಚಿಕೊಳ್ಳಲು ಬರುವುದಿಲ್ಲ. ಕಗ್ಗತ್ತಲಲ್ಲಿ ಒಮ್ಮೆಲೇ ಲೈಟ್ ಹೊತ್ತಿದರೆ ಬೆದರಿ ಗಾಜಿಗೆ ಬಡಿಯುತ್ತವೆ, ತೆರೆದ ಟ್ಯಾಂಕಿನಿಂದ ಹಾರುತ್ತವೆ. ಕೋಣೆಯ ದೀಪ ಮೊದಲು ಹೊತ್ತಲಿ, ಅಥವಾ ನಿಧಾನವಾಗಿ ಏರುವ ಲೈಟ್ ಇರಲಿ. ರಾತ್ರಿಯ ನೀಲಿ ದೀಪ ಒಂದರ್ಧ ಗಂಟೆ ನೋಡಿ ಆನಂದಿಸಿ ಆರಿಸಿಬಿಡಿ, ಮೀನಿಗೂ ಕತ್ತಲು ಬೇಕು.

ಹಂತ 9: ಗಿಡ ನೋಡಿ ತಿದ್ದಿ

ಬೆಳಕು ಸಾಲದಿದ್ದರೆ ಕಾಂಡದ ಗಿಡದಲ್ಲಿ ಗೆಣ್ಣು ಗೆಣ್ಣಿನ ನಡುವಿನ ದೂರ ಹೆಚ್ಚುತ್ತದೆ, ಕೆಳಗಿನ ಎಲೆಗಳು ಉದುರಿ ಕಾಂಡ ಬೋಳಾಗುತ್ತದೆ. ಹಾಸಬೇಕಾದ ಗಿಡ ಹಾಸದೆ ಮೇಲಕ್ಕೆ ನಿಗುರುತ್ತದೆ.

ಬೆಳಕು ಹೆಚ್ಚಾದರೆ ಮೊದಲ ಸುಳಿವು ಗಾಜಿನ ಮೇಲೆ. ಒರೆಸಿದ ಎರಡು ಮೂರು ದಿನಕ್ಕೇ ಹಸಿರು ಪೊರೆ ಕಟ್ಟುತ್ತದೆ. ಅನುಬಿಯಸ್ ಎಲೆಯ ಮೇಲೆ ಸಾಸಿವೆಗಿಂತ ಸಣ್ಣ, ಗಟ್ಟಿ ಹಸಿರು ಚುಕ್ಕಿಗಳು ಮೂಡುತ್ತವೆ, ಬೆರಳಿನಿಂದ ತಿಕ್ಕಿದರೆ ಹೋಗುವುದಿಲ್ಲ. ಇವಕ್ಕೆ ಬೆಳಕಿನ ಜತೆಗೆ ಫಾಸ್ಫೇಟ್ ಕೊರತೆಯೂ ಕಾರಣವಿರಬಹುದು. ನೀರೇ ಹಸಿರಾದರೆ ಮೂರು ದಿನ ಟ್ಯಾಂಕನ್ನು ಬಟ್ಟೆಯಿಂದ ಮುಚ್ಚಿ ಪೂರ್ತಿ ಕತ್ತಲು ಮಾಡಿ. ಗಾಳಿಯ ಪಂಪ್ ಓಡುತ್ತಿರಲಿ, ಸಿಓಟು ನಿಲ್ಲಿಸಿರಿ, ಆಮೇಲೆ ಅರ್ಧ ನೀರು ಬದಲಿಸಿ.

ಲೈಟಿನ ತಪ್ಪಲ್ಲದ್ದಕ್ಕೆ ಲೈಟನ್ನು ದೂರಬೇಡಿ. ಹೊಸ ಟ್ಯಾಂಕಿನ ಕಂದು ಧೂಳಿನಂಥ ಪಾಚಿ ಡಯಾಟಮ್, ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ತಂದು ನೆಟ್ಟ ಕ್ರಿಪ್ಟೊಕೊರಿನ್ ಎಲೆಗಳೆಲ್ಲ ಕರಗಿ ಲೋಳೆಯಾದರೆ ಜಾಗ ಬದಲಾದ ಆಘಾತ ಅದು, ಬೇರಿನಿಂದ ಹೊಸ ಎಲೆ ಬರುತ್ತದೆ. ನರ್ಸರಿಗಳು ಹಲವು ಗಿಡಗಳನ್ನು ನೀರಿನ ಹೊರಗೆ ಬೆಳೆಸುವುದರಿಂದ ಆ ಎಲೆಗಳು ನೀರಿನೊಳಗೆ ಉದುರುವುದು ಸಹಜ. ಗಾಬರಿಯಾಗಿ ಬೆಳಕು ಏರಿಸಿದವರು ಪಾಚಿಯನ್ನು ಕೈಯಾರೆ ಕರೆದಂತೆ. ಕಪ್ಪು ಗಡ್ಡದಂತೆ ಎಲೆಯಂಚಿಗೆ ಅಂಟುವ ಪಾಚಿಗೂ ಹೆಚ್ಚಿನ ಸಲ ಕಾರಣ ಸಿಓಟು ದಿನದಿನಕ್ಕೆ ಏರುಪೇರಾಗುವುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ವಾರ ಕಾಯಿರಿ. ಹಳೆಯ ಎಲೆ ನೋಡಿ ತೀರ್ಪು ಕೊಡಬೇಡಿ, ಆಗಿದ್ದು ಆಗಿಹೋಗಿದೆ. ಹೊಸ ಎಲೆ ಹೇಗೆ ಬರುತ್ತಿದೆ ನೋಡಿ. ತಗ್ಗಿಸಬೇಕಾದಾಗ ಡಿಮ್ಮರನ್ನು ಐದನೇ ಒಂದು ಭಾಗ ಇಳಿಸಿ. ಡಿಮ್ಮರ್ ಇಲ್ಲದಿದ್ದರೆ ಲೈಟನ್ನು 10 ಸೆಂ.ಮೀ. ಮೇಲೆತ್ತಿ. ಅದೂ ಆಗದಿದ್ದರೆ ಸಾಲ್ವಿನಿಯದಂಥ ತೇಲುಗಿಡ ಬಿಟ್ಟು, ಮೇಲ್ಮೈಯ ಮೂರನೇ ಒಂದು ಭಾಗ ಮೀರದಂತೆ ವಾರವಾರ ತೆಗೆಯುತ್ತಿರಿ.

ಬೆಳಕು ಇದ್ದಕ್ಕಿದ್ದಂತೆ ಕಡಿಮೆಯಾಗಿದೆ ಅನ್ನಿಸಿದರೆ ಹೊಸ ಲೈಟ್ ಹುಡುಕುವ ಮುನ್ನ ಮುಚ್ಚಳದ ಗಾಜು ನೋಡಿ. ಆವಿಯಾದ ನೀರು ಬಿಟ್ಟುಹೋದ ಸುಣ್ಣದ ಬಿಳಿ ಪೊರೆ ಬೆಳಕನ್ನು ಚೆನ್ನಾಗಿಯೇ ತಡೆಯುತ್ತದೆ. ಬಿಳಿ ವಿನಿಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ತಿಕ್ಕಿ, ಚೆನ್ನಾಗಿ ತೊಳೆದು ಇಡಿ. ಅಷ್ಟಾದ ಮೇಲೂ ಲೈಟ್ ಬದಲಿಸಲೇಬೇಕಾದರೆ ಹಳೆಯದರ ಕೆಳಗೊಮ್ಮೆ, ಹೊಸದರ ಕೆಳಗೊಮ್ಮೆ ಅದೇ ಫೋನನ್ನು ನೀರಿನ ಮೇಲ್ಮೈಯಿಂದ ಕೊಂಚ ಎತ್ತರದಲ್ಲಿ, ಎರಡು ಸಲವೂ ಒಂದೇ ಜಾಗದಲ್ಲಿ ಹಿಡಿದು ಅಳೆಯಿರಿ. ಹೊಸದರ ಡಿಮ್ಮರನ್ನು ಹಳೆಯ ಅಂಕಿಗೆ ಹೊಂದಿಸಿ, ಅಲ್ಲಿಂದ ವಾರಕ್ಕೆ ಸ್ವಲ್ಪದಂತೆ ಏರಿಸಿ.